ಅರ್ಧ ಸೆಕೆಂಡು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಮೊಯ್ದು ಅವರ ಅಂಗಡಿ. ಗಾಜಿನ ಮೇಲೆ
ಎಳೆಗೂಸಿನ ಕತ್ತಿಗೆ ಕೈ ಕೊಡುವ ಹಾಗೆ
ಆನಿಸಿ ಇಟ್ಟರು ಕರೀ ಕ್ಯಾಮೆರಾ.
"ಕೊರಳಿಗೆ ಹಾಕಿ ನೋಡಿ ಟೀಚರೇ,
ನೋಡೋದಕ್ಕೆ ದುಡ್ಡಿಲ್ಲ."

ಹಾಕಿದೆ. ಭಾರ.
ಎರಡು ಸೇರು ಅಕ್ಕಿ ತೂಗಿಬಿಟ್ಟ ಹಾಗೆ.
ಸುಳ್ಳು, ಒಂದು ಸೇರು ಇರಬಹುದು.

ನನ್ನದು ಕೈಚೀಲದಲ್ಲಿದೆ,
ಕರ್ಚೀಫು ಸುತ್ತಿಕೊಂಡು, ಎಲ್ಲ ಕೇಳಿಸಿಕೊಳ್ಳುತ್ತಾ.
ಸೋಪಿನ ಡಬ್ಬಿಯಷ್ಟೇ ಗಾತ್ರ,
ಹಬ್ಬದ ಮುಂಗಡ ಸಿಕ್ಕ ವರ್ಷ ಕೊಂಡದ್ದು,
ಹತ್ತು ತಿಂಗಳ ಸಂಬಳದಲ್ಲಿ ಹಿಡಿದುಕೊಂಡರು.
ಬ್ಯಾಟರಿಯ ಬಾಗಿಲು ನಿಲ್ಲುವುದಿಲ್ಲವೆಂದು
ಟಿಫಿನ್ ಡಬ್ಬಿಯ ರಬ್ಬರ್ ಬ್ಯಾಂಡು ಹಾಕಿದ್ದೇನೆ.
ಜೂನ್ ಬಂದರೆ ಅದರ ವಾಸ
ಅಕ್ಕಿ ಡ್ರಮ್ಮಿನೊಳಗೆ, ಬೂಷ್ಟು ಹಿಡಿಯದಿರಲೆಂದು.
ಆದರೂ ಲೆನ್ಸಿನ ಮೂಲೆಯಲ್ಲೊಂದು ಬಿಳಿ ಎಳೆ;
ಪ್ರತಿ ಚಿತ್ರದ ಬಲತುದಿಯಲ್ಲಿ
ಯಾರೋ ಬೀಡಿ ಸೇದಿ ಈಗಷ್ಟೇ ಎದ್ದುಹೋದ ಹಾಗೆ.

ಅದೆಲ್ಲ ಸಹಿಸಬಹುದಿತ್ತು.
ಇದರ ಅಸಲು ರೋಗ ಬೇರೆ:
ಗುಂಡಿ ಒತ್ತಿದರೆ ಯೋಚಿಸುತ್ತದೆ.
ಅರ್ಧ ಸೆಕೆಂಡು.
ಶಾಲೆಯ ಗುಂಪು ಫೋಟೊಗೆ ತೊಂದರೆಯಿಲ್ಲ,
ಹೆಡ್‌ಮಾಸ್ತರರು ಅರ್ಧ ಗಂಟೆಯಾದರೂ ಅಲುಗುವವರಲ್ಲ.
ಹಾಕಿಗೆ ಆಗುವುದಿಲ್ಲ.

ಮೊದಲ ವರ್ಷದ ಚಿತ್ರಗಳ ತುಂಬ
ಬಿಟ್ಟಂಗಾಲ ಮೈದಾನದ ಕೆಂಪು ಧೂಳು, ಖಾಲಿ ಗೋಲು,
ಚೌಕಟ್ಟು ಬಿಟ್ಟು ಓಡುತ್ತಿರುವ ಒಂದು ಶೂ.
"ಗೋಲ್ ಎಲ್ಲಿ ಮಿಸ್?" ಅನ್ನುತ್ತಿದ್ದರು ಹುಡುಗಿಯರು.
ಆಗಿಹೋಯಿತಲ್ಲ, ಅನ್ನುತ್ತಿದ್ದೆ.
ವಿಜ್ಞಾನ ಪಾಠ ಮಾಡುವವಳು, ಇನ್ನೇನು ಹೇಳಲಿ.

ಮೆಲ್ಲಗೆ ಕಲಿತೆ ಮುಂಚೆಯೇ ಒತ್ತುವುದನ್ನು.
ಬೊಳ್ಳಮ್ಮ ಹೊಡೆಯುವ ಮುನ್ನ
ಎಡ ಭುಜ ಒಂದಿಷ್ಟು ಇಳಿಯುತ್ತದೆ,
ಸೊಂಟದ ಕೊಡ ಇಳಿಸಲು ಹೊರಟವಳಂತೆ.
ಸಫ್ರೀನಾ ಪ್ಯಾಡು ಕಟ್ಟಿ ಗೋಲಿನಲ್ಲಿ ನಿಂತವಳು
ಹಾರುವ ಮೊದಲು ಉಸಿರು ಕಟ್ಟುತ್ತಾಳೆ,
ಕೆನ್ನೆ ಉಬ್ಬುವುದು ಜಾಲರಿಯೊಳಗೂ ಕಾಣುತ್ತದೆ.
ಹಾಡಿಯಿಂದ ಬರುವ ಮುತ್ತಿ ಮಾತ್ರ
ಏನೂ ತೋರಿಸುವುದಿಲ್ಲ.
ಚೆಂಡು ಎತ್ತ ಹೋಗಬೇಕೆಂದು
ತನ್ನ ಕಣ್ಣಿಗೂ ಅವಳು ಹೇಳುವುದಿಲ್ಲ.
ಮೂರು ವರ್ಷ, ಇನ್ನೂರು ಚಿತ್ರ;
ಒಂದರಲ್ಲೂ ಅವಳೂ ಚೆಂಡೂ ಒಟ್ಟಿಗಿಲ್ಲ.
ಮಾರ್ಚಿಗೆ ಅವಳ ಹತ್ತನೆಯದು ಮುಗಿಯುತ್ತದೆ.
ನಾನಿಲ್ಲಿ ನಿಂತಿರುವುದು ಅದಕ್ಕೇ.
ಮೊಯ್ದು ಅವರಿಗೆ ಹೇಳಿಲ್ಲ.

"ಸೆಕೆಂಡಿಗೆ ಎಂಟು ಹೊಡೆಯತ್ತೆ," ಅನ್ನುತ್ತಾರೆ ಅವರು.
"ಒತ್ತಿ ಹಿಡ್ಕೊಂಡರೆ ಸಾಕು. ಮನೆಗೆ ಹೋಗಿ ಆರಿಸ್ಕೊಳ್ಳಿ."
ಮೊರದಲ್ಲಿ ಕಲ್ಲು ಆರಿಸಿದ ಹಾಗೆ.
ಭುಜ ನೋಡಬೇಕಿಲ್ಲ ಇನ್ನು, ಕೆನ್ನೆ ನೋಡಬೇಕಿಲ್ಲ.
ಮೂವತ್ತೆಂಟು ಸಾವಿರ;
ಹಳೆಯದು ಕೊಟ್ಟರೆ ಆರುನೂರು ಕಡಿಮೆ.
ಆರುನೂರು ಅಂದಾಗ
ಕೈಚೀಲವನ್ನು ಯಾಕೋ ಈ ಹೆಗಲಿಗೆ ಬದಲಿಸಿದೆ.

"ಎಲ್ಲಿ, ನಗಿ," ಅಂದೆ.
ಟೋಪಿ ಸರಿಮಾಡಿಕೊಂಡರು,
ಕ್ಯಾಲೆಂಡರಿನ ಮುಂದಿಂದ ಒಂದು ಹೆಜ್ಜೆ ಸರಿದರು,
ಒತ್ತಿದೆ. ಅಭ್ಯಾಸ ಬಲ.
ಇದು ಯೋಚಿಸಲಿಲ್ಲ. ಟಕ್.

ಪರದೆಯ ಮೇಲೆ ಮೊಯ್ದು.
ತುಟಿ ಇನ್ನೂ ಕೂಡಿಯೇ ಇದೆ,
ಕಣ್ಣು ಏನನ್ನೂ ಶುರುಮಾಡಿಲ್ಲ,
ನಗು ಪೆರುಂಬಾಡಿಯ ಗೇಟಿನಲ್ಲೇ
ಬಸ್ಸಿಗೆ ಕಾಯುತ್ತಾ ನಿಂತಿರಬೇಕು.
ಊರಿನ ಅರ್ಧ ಮದುವೆಗಳನ್ನು ತೆಗೆದ ಮನುಷ್ಯ
ತನ್ನ ಆ ಮುಖವನ್ನು ಕಂಡವರಲ್ಲ;
ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ನೋಡಿದರು.
"ಛೆ, ಬೇಗ ಆಯ್ತು ಟೀಚರೇ. ಅಳಿಸಿಬಿಡ್ತೀನಿ."

ಬೇಡ, ಇರಲಿ, ಅಂದೆ.
ಶನಿವಾರ ಬರ್ತೀನಿ, ಅಂದೆ. ಬರಲೂಬಹುದು.
ಸದ್ಯಕ್ಕೆ ಹಳೆಯದಕ್ಕೊಂದು ಬ್ಯಾಟರಿ ಕೊಡಿ,
ಮುನ್ನೂರೈವತ್ತಕ್ಕೆ ಬರೋದು.

ಚಿಲ್ಲರೆ ಎಣಿಸುತ್ತಾ ಎಣಿಸುತ್ತಾ
ಏನು ನೆನಪಾಯಿತೋ, ಮೊಯ್ದು ನಕ್ಕರು,
ಬಾಯ್ತುಂಬ, ಬಂಗಾರದ ಹಲ್ಲು ಕಾಣುವ ಹಾಗೆ.
ಆಗ ನನ್ನ ಕೈಯಲ್ಲಿ
ಎರಡೂ ಇರಲಿಲ್ಲ.